ತಟ್ಟಿಯ ನೆರಳು

ಮಾರ್ಚ್ ೧೧

ಆಫೀಸಿನಿಂದ ಪತ್ರ ಬಂದಿದೆ. ಪರಿಸರಕ್ಕೆ ಭಾರವಾಗದ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಮಾತ್ರ ಇನ್ನು ಮುಂದೆ ಮನೆಯಿಂದ ಕೆಲಸವಂತೆ. ಜೂನಿನಲ್ಲಿ ಯಾರೋ ಒಬ್ಬರು ಕ್ಯಾಮೆರಾದಲ್ಲಿ ಕೋಣೆ ನೋಡಿ ಅಂಕ ಹಾಕುತ್ತಾರೆ. ಸಾಕಷ್ಟು ಅಂಕ ಬರದಿದ್ದವರು ಜುಲೈಯಿಂದ ಬ್ಯಾಂಕಾಕಿನ ಆಫೀಸಿಗೇ ಹೋಗಬೇಕು. ಮೊದಲ ಸಲ ಓದಿದಾಗ ಒಳ್ಳೆಯ ಯೋಚನೆ ಅನ್ನಿಸಿತು. ಎರಡನೆಯ ಸಲ ಓದಿ ನನ್ನ ಕೋಣೆಯ ಸುತ್ತ ನೋಡಿದೆ.

ನನ್ನದು ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರಗಳ ಜೊತೆ ಬರುವ ಪುಸ್ತಿಕೆಗಳನ್ನು ಇಂಗ್ಲಿಷಿನಿಂದ ಥಾಯ್ ಭಾಷೆಗೆ ತರುವ ಕೆಲಸ. ಎಲ್ಲಿ ಕೂತರೂ ಆಗುತ್ತದೆ. ಗಂಡ ತೊಂಗ್ ತೀರಿಕೊಂಡ ಮೇಲೂ ನಾನು ಈ ಮನೆಯಲ್ಲೇ ಉಳಿದಾಗ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಕೆಲಸ ಇಲ್ಲಿದೆ, ಕೋಣೆ ಇಲ್ಲಿದೆ. ಯಾರೂ ಮುಂದೆ ಕೇಳಲಿಲ್ಲ. ಮನೆ ಅತ್ತೆಯದು. ಗಂಡನಿಲ್ಲದ ಸೊಸೆ ಅತ್ತೆಯ ಮನೆಯಲ್ಲಿ ಇರುವುದಕ್ಕೆ ಒಂದು ಕಾರಣ ಬೇಕಲ್ಲ, ನನಗೆ ಆ ಕೋಣೆ ಸಿಕ್ಕಿತ್ತು.

ನದಿಯ ಈಚೆ ತೋಟಗಳ ನಡುವೆ ಇರುವ ನಮ್ಮ ಮನೆಯಿಂದ ಆಫೀಸಿಗೆ ಬೈಕು, ದೋಣಿ, ರೈಲು. ದಿನಾ ಸಾಧ್ಯವಿಲ್ಲ, ಪೇಟೆಯಲ್ಲಿ ಬಾಡಿಗೆ ರೂಮು ಹಿಡಿಯಬೇಕಾಗುತ್ತದೆ. ಹಾಗಾದರೆ ಅತ್ತೆಯನ್ನು ರಯೊಂಗಿನ ತಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಗಂಡನ ಅಣ್ಣ ಸೊಮ್‌ನುಕ್ ಭಾವ ಮೊದಲೇ ಹೇಳಿದ್ದಾರೆ. ಮನೆಗೆ ಬೀಗ.

ನನಗೆ ಇಲ್ಲಿ ಇರಬೇಕು ಅನ್ನಿಸುತ್ತಿದೆಯೋ ಅಥವಾ ಹೊರಡುವುದಕ್ಕೆ ಸೋಮಾರಿತನವೋ? ಬರೆದು ನೋಡಿದೆ. ಎರಡೂ ಒಂದೇ ತರಹ ಕಾಣುತ್ತಿವೆ.

ಮಾರ್ಚ್ ೧೫

ಆಫೀಸಿನವರು ಕಳಿಸಿದ ಸಲಹೆಗಳನ್ನು ಓದಿದಷ್ಟೂ ಗೊಂದಲ. ಮರುಬಳಕೆಯ ಕಾಗದ ಬಳಸಿ ಎಂದಿತ್ತು, ತರಿಸಿದೆ. ಎರಡು ನೋಟುಪುಸ್ತಕ, ಅದರ ಸುತ್ತ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್, ಅದರ ಸುತ್ತ ಇನ್ನೊಂದು ಪ್ಲಾಸ್ಟಿಕ್, ಹೊರಗೆ ಪೆಟ್ಟಿಗೆ. ಅತ್ತೆ ನಿಂತು ನೋಡಿದರು.

"ಹುಟ್ಟಿದ ಕೂಸಿಗೂ ನಾವು ಇಷ್ಟು ಸುತ್ತಿರಲಿಲ್ಲ ಕಣೆ."

ಕೋಣೆಯಲ್ಲಿ ಗಿಡ ಇದ್ದರೆ ಅಂಕ ಹೆಚ್ಚು ಎಂದು ಒಂದು ಕುಂಡವನ್ನೂ ತಂದೆ. ಅದಕ್ಕೂ ಬಂತು ಮಾತು.

"ಹೊರಗಡೆ ಇಷ್ಟೊಂದು ಗಿಡ ಇದೆ. ಇದೇನು ತಪ್ಪು ಮಾಡ್ತು ಅಂತ ಒಳಗೆ ಕೂಡಿಹಾಕಿದೀಯ?"

ಬಿದಿರಿನ ಮೇಜಿಗೂ ಅಂಕವಿದೆ. ನನ್ನ ಮೇಜು ಮಾವನವರ ಹಳೆಯ ದೋಣಿ ಒಡೆದಾಗ ಅದರ ಹಲಗೆಯಿಂದ ಮಾಡಿದ್ದು. ಒಂದು ಅಂಚಿನಲ್ಲಿ ಇನ್ನೂ ಡಾಂಬರು ಇದೆ. ಇದನ್ನು ಹೊರಗೆ ಹಾಕಿ ಬಿದಿರಿನದ್ದು ಕೊಂಡರೆ ಒಳ್ಳೆಯದೋ ಕೆಟ್ಟದ್ದೋ? ನಾನು ಓದಿದ ಶಾಲೆಯಲ್ಲಿ ಸನ್ಯಾಸಿನಿಯರು ಪ್ರತಿ ಪ್ರಶ್ನೆಗೂ ಒಂದು ಸರಿಯುತ್ತರ ಇದೆ ಎಂದು ಕಲಿಸಿದ್ದರು. ಈ ವಯಸ್ಸಿನಲ್ಲೂ ನಾನು ಅದನ್ನೇ ಹುಡುಕುತ್ತಿರುತ್ತೇನೆ.

ಮೇಜು ಕೊಳ್ಳಲಿಲ್ಲ. ಸದ್ಯಕ್ಕೆ.

ಮಾರ್ಚ್ ೨೨

ಬಳಸದ ಯಂತ್ರಗಳ ಪ್ಲಗ್ಗು ಕೀಳಬೇಕು. ಮಲಗಿರುವ ಯಂತ್ರವೂ ಕರೆಂಟು ತಿನ್ನುತ್ತದಂತೆ. ಪರದೆ ಎಳೆದು ನೋಡಿದೆ, ಕೋಣೆಯ ತುಂಬ ಚಿಕ್ಕ ಚಿಕ್ಕ ದೀಪಗಳು. ಪ್ರಿಂಟರಿನದ್ದು, ಮೋಡೆಮ್ಮಿನದ್ದು, ಸ್ಪೀಕರಿನದ್ದು. ಮೂಲೆಯಲ್ಲಿ ತೊಂಗ್‌ನ ಕಂಪ್ಯೂಟರಿನದ್ದು. ಅದೊಂದೇ ಉಸಿರಾಡುವ ಹಾಗೆ ಬೆಳಗಿ ಮಂಕಾಗಿ ಬೆಳಗುತ್ತದೆ. ಮುಟ್ಟಲು ಹೋದರೆ "ನಿದ್ದೆ ಮಾಡ್ತಿದೆ, ಎಬ್ಬಿಸಬೇಡ" ಅನ್ನುತ್ತಿದ್ದ.

ಉಳಿದವನ್ನೆಲ್ಲ ಕಿತ್ತೆ. ಅದರ ಪ್ಲಗ್ಗು ಹಿಡಿದುಕೊಂಡು ಮೇಜಿನ ಕೆಳಗೇ ಕೂತೆ. ಎದ್ದು ಬಂದು ಟೀ ಮಾಡಿದೆ. ಒಂದು ಪುಟ ಅನುವಾದ ಮಾಡಿದೆ. ಮತ್ತೆ ಹೋಗಿ ಕೂತೆ. ಹಣ್ಣು ಹೆಚ್ಚಿಕೊಂಡು ಬಂದ ಅತ್ತೆಗೆ ನನ್ನ ಕಾಲು ಮಾತ್ರ ಕಂಡಿರಬೇಕು.

"ಏನು ಕಳ್ಕೊಂಡೆ?"

"ಏನಿಲ್ಲಮ್ಮ. ಇದನ್ನ ತೆಗೀಲಾ ಅಂತ."

ಅವರು ಬಗ್ಗಿ ನೋಡಿದರು. ಮಗನದ್ದೆಂದು ಗೊತ್ತಾಯಿತು. "ತೆಗೀಬೇಕು ಅನ್ಸಿದ್ರೆ ತೆಗಿ, ಇಲ್ಲಾಂದ್ರೆ ಬಿಡು. ಕರೆಂಟ್ ಬಿಲ್ಲು ಅವನೇನು ಕಟ್ತಾನಾ?"

ಮೊದಲು ನಕ್ಕಿದ್ದು ಅವರು.

ತೆಗೆದೆ. ದೀಪ ತಕ್ಷಣ ಆರಲಿಲ್ಲ, ಒಂದು ಸಲ ಪೂರ್ತಿ ಬೆಳಗಿ ಆಮೇಲೆ ಹೋಯಿತು. ಆ ಸಾಕೆಟ್ಟಿಗೆ ಫ್ಯಾನ್ ಹಾಕಿದ್ದೇನೆ.

ಮಾರ್ಚ್ ೩೦

ಏಸಿ ಇಪ್ಪತ್ತೆರಡರಲ್ಲಿತ್ತು. ತೊಂಗ್ ಇಟ್ಟಿದ್ದು ಹಾಗೇ ಇತ್ತು, ನಾನು ಹೊರಗೆ ಹೋದಾಗಲೂ ಆರಿಸಿರಲಿಲ್ಲ. ಇವತ್ತು ಇಪ್ಪತ್ತಾರು ಮಾಡಿದೆ. ರಿಮೋಟಿನ ಗುಂಡಿ ನಾಲ್ಕು ಸಲ ಒತ್ತಬೇಕು. ಒತ್ತಿದೆ, ಅಷ್ಟೇ.

ಏಪ್ರಿಲ್ ೬

ಏಸಿಯನ್ನು ಪೂರ್ತಿ ನಿಲ್ಲಿಸಿ ನೋಡೋಣ ಎಂದು ಹೊರಟೆ. ಹುಚ್ಚುತನ. ಈ ಕೋಣೆ ಮೊದಲು ಜಗಲಿಯಾಗಿತ್ತು, ತೊಂಗ್ ಸುತ್ತ ಗಾಜು ಕೂರಿಸಿ ಮುಚ್ಚಿದ. ಪಶ್ಚಿಮದ ಬಿಸಿಲು ನೇರ ಮೇಜಿನ ಮೇಲೆ. ಈ ತಿಂಗಳ ಸೆಕೆಯಲ್ಲಿ ಒಳಗೆ ಕೂತರೆ ಮೀನು ಬೇಯುವ ಪಾತ್ರೆಯೊಳಗೆ ಕೂತ ಹಾಗೆ. ಮೂರು ಕಿಟಕಿಗಳ ಸಂದಿಗೂ ಅಂಟಿಸಿದ ಟೇಪನ್ನು ಅಡುಗೆಮನೆಯ ಚಾಕುವಿನಿಂದ ಕೆರೆದು ಮೂರನ್ನೂ ತೆರೆದೆ.

ತೆರೆದದ್ದೇ ಶಬ್ದ ಒಳಗೆ ನುಗ್ಗಿತು. ಕಾಲುವೆಯಲ್ಲಿ ಮೋಟಾರು ದೋಣಿ, ಪಕ್ಕದ ಮನೆಯ ಪ್ರಯೂನ್ ದೊಡ್ಡಪ್ಪನ ರೇಡಿಯೋ, ಯಾರದೋ ಕೋಳಿ. ಅವುಗಳ ನಡುವೆ ಅತ್ತೆಯ ಧ್ವನಿ. ಅಂಗಳದ ಮೂಲೆಯಲ್ಲಿ ಅಜ್ಜ ಅಜ್ಜಿಯ ಗುಡಿ ಇದೆ, ಕಂಬಗಳ ಮೇಲೆ ನಿಂತ ಮೊಣಕೈ ಉದ್ದದ ಮರದ ಮನೆ. ನಮಗಿಂತ ಮೊದಲು ಈ ನೆಲದಲ್ಲಿ ಇದ್ದವರು ಅವರು. ಅತ್ತೆ ಬೆಳಿಗ್ಗೆ ಅಲ್ಲಿ ಕೆಂಪು ಸೋಡಾ, ಬಾಳೆಹಣ್ಣು ಇಟ್ಟು ಊದುಬತ್ತಿ ಹಚ್ಚಿ ನಿಲ್ಲುತ್ತಾರೆ. ಗಾಜಿನ ಈಚೆಯಿಂದ ನನಗೆ ಇಷ್ಟು ವರ್ಷ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು, ಮಂತ್ರ ಎಂದುಕೊಂಡಿದ್ದೆ. ಮಂತ್ರವಲ್ಲ. ಮೊಟ್ಟೆ ತುಟ್ಟಿಯಾಗಿದೆ, ಎಡ ಮಂಡಿ ನೋಯುತ್ತಿದೆ, ಮಳೆ ಯಾವಾಗ ಕಳಿಸುತ್ತೀರಿ, ಹೀಗೆ.

ನನ್ನ ಹೆಸರೂ ಕೇಳಿಸಿತು. "ಪ್ಲಾ" ಎಂದದ್ದು ಸ್ಪಷ್ಟವಾಗಿತ್ತು, ಮುಂದಿನದು ದೋಣಿಯ ಸದ್ದಿನಲ್ಲಿ ಹೋಯಿತು. ಕರೆದುಕೊಂಡು ಹೋಗಿ ಎಂದರೋ, ಇಟ್ಟುಕೊಳ್ಳಿ ಎಂದರೋ? ಕೇಳಲು ಧೈರ್ಯವಾಗಲಿಲ್ಲ.

ಏಪ್ರಿಲ್ ೧೦

ಪ್ರಯೂನ್ ದೊಡ್ಡಪ್ಪ ಬೇಲಿಯ ಮೇಲಿಂದ ನನ್ನ ಮುಖ ನೋಡಿ, "ಏನಮ್ಮ, ಬೇಯಿಸಿದ ಸಿಗಡಿ ತರ ಆಗಿದೀಯ" ಎಂದರು. ಅವರದೇ ಉಪಾಯ: ಕಿಟಕಿಯ ಹೊರಗೆ ಬಿದಿರಿನ ಚೌಕಟ್ಟು ನಿಲ್ಲಿಸಿ ತಾಳೆಗರಿಯ ತಟ್ಟಿ ಕಟ್ಟುವುದು, ಬುಡದಲ್ಲಿ ಶಂಖಪುಷ್ಪದ ಬೀಜ ಹಾಕುವುದು. ಮಧ್ಯಾಹ್ನವೆಲ್ಲ ಇಬ್ಬರೂ ಸೇರಿ ಕಟ್ಟಿದೆವು. ಕೋಣೆಯ ಅಂಚಿಗೇ ನಿಲ್ಲಿಸಿದರೆ ಓರೆಬಿಸಿಲು ನುಗ್ಗುತ್ತದೆಂದು ಅಂಚು ದಾಟಿ ಅಂಗಳದ ಕಡೆಗೂ ಒಂದು ಮಾರು ಎಳೆಯಿಸಿದ್ದು ನಾನು. ದೊಡ್ಡಪ್ಪ ಅಂಗಳದ ಕಡೆ ಒಮ್ಮೆ ನೋಡಿ ಏನೋ ಹೇಳಹೊರಟರು. ಅತ್ತೆ ಒಳಗಿನಿಂದ, "ಅವಳು ಹೇಳಿದ ಹಾಗೆ ಕಟ್ಟಪ್ಪ, ನಿಂಗ್ಯಾಕೆ" ಎಂದರು.

ಸಂಜೆ ಒಳಗೆ ಕೂತು ಕೆಲಸ ಮಾಡಲು ಆಯಿತು. ಏಸಿ ಇಲ್ಲದೆ. ಕುಂಡದ ಗಿಡವನ್ನು ಹೊರಗೆ ನೆಲಕ್ಕೆ ಹಾಕಿದೆ.

ಏಪ್ರಿಲ್ ೧೪

ಹೊಸವರ್ಷಕ್ಕೆ ಸೊಮ್‌ನುಕ್ ಭಾವ ಬಂದಿದ್ದರು. ಅತ್ತೆಯ ಕೈಮೇಲೆ ಮಲ್ಲಿಗೆ ಹಾಕಿದ ನೀರು ಬಿಟ್ಟು ನಮಸ್ಕಾರ ಮಾಡಿದೆವು. ಭಾವನಿಗೆ ಆರೋಗ್ಯ, ವ್ಯಾಪಾರ ಎಂದೆಲ್ಲ ಹರಸಿದರು. ನನ್ನ ಸರದಿ ಬಂದಾಗ ಒದ್ದೆ ಕೈಯಿಂದ ನನ್ನ ತಲೆ ಸವರಿ, "ಬಿಸಿಲಲ್ಲಿ ಜಾಸ್ತಿ ನಿಲ್ಲಬೇಡ" ಎಂದರು. ಅದು ಹಾರೈಕೆಯೋ ಬೈಗುಳವೋ?

ಊಟದ ಮೇಲೆ ಭಾವ ಮಾತು ತೆಗೆದರು. "ನೋಡು ಪ್ಲಾ, ನಿನ್ನ ಆಫೀಸಿನವರು ಕರೆದ್ರೆ ಹೋಗು, ಅಮ್ಮನ ಯೋಚನೆ ಬಿಡು. ನೀನಿನ್ನೂ ಚಿಕ್ಕವಳು. ನಾವು ನಿನ್ನನ್ನ ಇಲ್ಲಿ ಕಟ್ಟಿಹಾಕಿದ ಹಾಗಾಗಬಾರದು." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೇಕೆ ಕೋಪ ಬಂತೋ.

"ಅಮ್ಮ, ಹೊರಡೋದಾದ್ರೆ ಮೊದಲೇ ಅಜ್ಜ ಅಜ್ಜಿಗೆ ಹೇಳಿಬಿಡು, ಆಮೇಲೆ ಗಡಿಬಿಡಿ ಬೇಡ" ಎಂದೂ ಅಂದರು. ಈ ಮನೆಗೆ ಬಂದವರು ಅಲ್ಲಿ ಹೇಳಿಕೊಳ್ಳಬೇಕು, ಬಿಟ್ಟು ಹೋಗುವವರು ಹೇಳಿ ಹೋಗಬೇಕು. ಮದುವೆಯಾಗಿ ಬಂದ ದಿನ ಅತ್ತೆ ನನ್ನನ್ನು ಅಲ್ಲಿ ನಿಲ್ಲಿಸಿ ನನ್ನ ಹೆಸರು, ಊರು ಎಲ್ಲ ಹೇಳಿದ್ದರು. ತೊಂಗ್ ಹೋದ ಮಾರನೆಯ ದಿನ ಒಬ್ಬರೇ ಹೋಗಿ ಅವನ ವಿಷಯವನ್ನೂ ಹೇಳಿ ಬಂದರು.

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮೇ ೨

ಅತ್ತೆಗೆ ಏನೋ ಆಗಿದೆ. ಹೇಗೆ ಬರೆಯುವುದು ಗೊತ್ತಿಲ್ಲ.

ಅಂಗಳದ ಪೇರಲೆ ಮರಕ್ಕೆ ತೊಂಗ್ ಗಡ್ಡ ಮಾಡಿಕೊಳ್ಳುತ್ತಿದ್ದ ಕನ್ನಡಿಯನ್ನು ಕಟ್ಟಿದ್ದಾರೆ. ಸಂಜೆ ನಾಲ್ಕಾಯಿತೆಂದರೆ ಮಣೆ ಹಾಕಿಕೊಂಡು ಅದರ ಕೆಳಗೆ ಕೂರುತ್ತಾರೆ. ಆಗಾಗ ಎದ್ದು ಕನ್ನಡಿಯನ್ನು ಸ್ವಲ್ಪ ತಿರುಗಿಸುತ್ತಾರೆ, ಮತ್ತೆ ಕೂರುತ್ತಾರೆ. ಹೊತ್ತು ಮುಳುಗುವವರೆಗೂ ಇದೇ. ಕಿಟಕಿಯಿಂದ ನನಗೆ ಅವರ ಬೆನ್ನು ಕಾಣುತ್ತದೆ, ಒಮ್ಮೊಮ್ಮೆ ಕನ್ನಡಿಯ ಮಿಂಚು.

"ಏನಮ್ಮ ಅದು?"

"ಕಾಗೆ ಕಾಟ."

ಕಾಗೆ ಒಂದೂ ಇಲ್ಲ.

ಮೇ ೮

ಇವತ್ತೂ ಕನ್ನಡಿ. ಭಾವನಿಗೆ ಫೋನ್ ಮಾಡಲೇ ಎಂದು ಯೋಚಿಸಿದೆ. ಮಾಡಿದರೆ ನಾಳೆಯೇ ಕಾರು ತರುತ್ತಾರೆ. ಮಾಡದಿದ್ದರೆ, ನನಗೆ ಇಲ್ಲಿ ಇರಬೇಕೆಂಬ ಆಸೆಗಾಗಿ ಅವರ ಕಾಯಿಲೆ ಮುಚ್ಚಿಟ್ಟ ಹಾಗಾಗುತ್ತದೆ. ಇಡೀ ದಿನ ಒಂದು ಪುಟ ಕೆಲಸ ಆಗಿಲ್ಲ. 'ಇರಬೇಕೆಂಬ ಆಸೆ' ಎಂದು ಬರೆದಿದ್ದೇನೆ. ಹೊಡೆದುಹಾಕೋಣವೆಂದುಕೊಂಡೆ, ಬಿಟ್ಟೆ.

ಮೇ ೧೧

ಪ್ರಯೂನ್ ದೊಡ್ಡಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, ಅಮ್ಮನಿಗೆ ಮರೆವು ಶುರುವಾಗಿದೆಯೇ ಎಂದು. ಅವರು ನಕ್ಕ ನಗೆಗೆ ಬೇಲಿಯ ಮೇಲಿನ ಬೆಕ್ಕು ಹಾರಿತು.

"ಲಮಾಯಿಗೆ ಮರೆವಾ? ನಾನು ಹೋದ ವರ್ಷ ತಗೊಂಡ ಕೊಡಲಿ ಇವತ್ತಿಗೂ ಕೇಳ್ತಾಳೆ! ಮರೆವು ನಿಂಗೆ ತಾಯಿ. ಅಜ್ಜ ಅಜ್ಜಿ ತಲೆ ಮೇಲೆ ದಿನಾ ನೆರಳು ಹಾಕ್ತಿದೀಯಲ್ಲ, ಎದ್ದು ಬಂದು ನೋಡಿದೀಯಾ?"

ಹೋಗಿ ನೋಡಿದೆ. ಸಂಜೆಯ ಬಿಸಿಲಿಗೆ ನನ್ನ ತಟ್ಟಿಯ ನೆರಳು ಅಂಗಳದುದ್ದಕ್ಕೂ ಚಾಚಿ ಸರಿಯಾಗಿ ಗುಡಿಯ ಮೇಲೆ ಕೂತಿತ್ತು. ಮನೆಯ ನೆರಳು ಗುಡಿಯ ಮೇಲೆ ಬೀಳಬಾರದು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಪೇಟೆಯ ದೊಡ್ಡ ಅಂಗಡಿಗಳವರೂ ಇದನ್ನು ನೋಡಿಕೊಂಡೇ ಕಟ್ಟುತ್ತಾರೆ. ನಾನು ಒಳಗೆ ಕೂತು ತಣ್ಣಗಾದೆ, ಅಷ್ಟೇ. ಆ ನೆರಳಿನ ನಡುವೆ, ಗುಡಿಯ ಪುಟ್ಟ ಬಾಗಿಲಿನ ಮೇಲೆ ಮಾತ್ರ, ಅಂಗೈಯಗಲದ ಬಿಸಿಲು ಅಲುಗುತ್ತಿತ್ತು. ಪೇರಲೆ ಮರದ ಕನ್ನಡಿಯಿಂದ ಬಂದದ್ದು.

ಅತ್ತೆ ಮಣೆಯ ಮೇಲೆ ಕೂತಿದ್ದರು.

"ಹೇಳಬಾರದಿತ್ತಾ ಅಮ್ಮ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಕಿತ್ತುಹಾಕ್ತಿದ್ದೆ."

"ಕಿತ್ತುಹಾಕಿ? ಮತ್ತೆ ಗಾಜು ಮುಚ್ಕೊಂಡು, ಏಸಿ ಹಾಕ್ಕೊಂಡು ಒಳಗೆ ಕೂರ್ತಿದ್ದೆ." ಎದ್ದು ಕನ್ನಡಿಯನ್ನು ಒಂದು ಬೆರಳಿನಷ್ಟು ತಿರುಗಿಸಿದರು. ಬಿಸಿಲು ಗುಡಿಯ ಮೇಲೆ ಸರಿಯಾಗಿ ಕೂತಿತು. "ಅವರಿಗೆ ಬಿಸಿಲು ಬೇಕು, ನಿಂಗೆ ನೆರಳು ಬೇಕು. ಕನ್ನಡಿ ಹೇಗಿದ್ರೂ ಸುಮ್ನೆ ಬಿದ್ದಿತ್ತು."

"ಮಂಡಿ ನೋವು ಇಟ್ಕೊಂಡು ದಿನಾ..."

"ನಂಗೂ ಸಂಜೆ ಏನಾದ್ರೂ ಕೆಲಸ ಬೇಡ್ವಾ?"

ನಾನು ನಿಂತೇ ಇದ್ದೆ. ಅವರು, "ನಿಂತ್ಕೊಂಡಿದೀಯಲ್ಲ, ನೀನೂ ಸ್ವಲ್ಪ ಹಿಡ್ಕೊ" ಎಂದರು. ಮಣೆ ಚಿಕ್ಕದು, ಇಬ್ಬರಿಗೆ ಸಾಲದು. ನೆಲದ ಮೇಲೆ ಕೂತೆ.

ಮೇ ೧೭

ದೊಡ್ಡಪ್ಪನ ಕೊಡಲಿಯಿಂದಲೇ (ಅತ್ತೆಯ ಕೊಡಲಿ, ಅದನ್ನು ವಾಪಸು ತೆಗೆದುಕೊಳ್ಳಲು ಇದೇ ನೆಪವಾಯಿತು) ತಟ್ಟಿಯ ಹೊರಚಾಚು ಕಡಿದೆ. ಇನ್ನೂ ಒಂದು ಮೂಲೆಯ ನೆರಳು ತಾಗುತ್ತಿತ್ತು. ಅಲ್ಲೊಂದು ಕಿಂಡಿ ಬಿಟ್ಟೆ. ಈಗ ಗುಡಿಗೆ ಪೂರ್ತಿ ಬಿಸಿಲು.

ಆ ಕಿಂಡಿಯಿಂದಲೇ ಸಂಜೆ ಐದರ ಹೊತ್ತಿಗೆ ಒಂದು ಕೋಲು ಬಿಸಿಲು ನನ್ನ ಮೇಜಿಗೂ ಬರುತ್ತದೆ, ಲ್ಯಾಪ್‌ಟಾಪಿನ ಪರದೆ ಕಾಣುವುದಿಲ್ಲ. ಬೇರೆ ದಾರಿಯಿಲ್ಲದೆ ಮುಚ್ಚಿ ಎದ್ದೆ. ಅಂಗಳದಲ್ಲಿ ಅತ್ತೆ ಕೈಖಾಲಿ ಕೂತಿದ್ದರು. ಇಬ್ಬರೂ ಬೀನ್ಸ್ ಬಿಡಿಸಿದೆವು. ಇಲ್ಲಿಯತನಕ ಸಂಜೆ ಹೊತ್ತು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ.

ಮೇ ೨೬

ಮಳೆ. ಶಂಖಪುಷ್ಪ ಹತ್ತಿಕೊಂಡಿದೆ. ಒಂದು ಬಳ್ಳಿ ಕಿಟಕಿಯೊಳಗೆ ಬಂದು ಪ್ರಿಂಟರಿಗೆ ಸುತ್ತಿಕೊಳ್ಳುತ್ತಿದೆ. ಪ್ರಿಂಟರು ಬಳಸಿ ಎಷ್ಟು ದಿನವಾಯಿತೋ.

ಜೂನ್ ೧೬

ಕೋಣೆ ನೋಡಿದವಳು ಪಿಮ್ ಎಂಬ ಹುಡುಗಿ, ತುಂಬ ವಿನಯ. ಲ್ಯಾಪ್‌ಟಾಪ್ ಹಿಡಿದು ಸುತ್ತ ತೋರಿಸಿದೆ. ತಟ್ಟಿ ನೋಡಿ "ಅಯ್ಯೋ ಎಷ್ಟು ಚೆನ್ನಾಗಿದೆ ಅಕ್ಕ" ಎಂದಳು. ಆಮೇಲೆ ಕೆಲಸಕ್ಕೆ ಇಳಿದಳು.

"ನಿಮ್ಮ ಏಸಿ ಮೇಲೆ ಕರೆಂಟ್ ಉಳಿತಾಯದ ಚೀಟಿ ಎಷ್ಟನೇ ನಂಬರಿನದು?"

"ಏಸಿ ಹಾಕೋದೇ ಇಲ್ಲ."

"ಇಲ್ಲ ಅಕ್ಕ, ಹಾಕಿದಾಗ?"

"ಹಾಕೋದೇ ಇಲ್ಲಮ್ಮ."

ಅವಳು ಬಹಳ ಹೊತ್ತು ತನ್ನ ಪರದೆ ನೋಡಿದಳು. "ಐದನೇ ನಂಬರಿನ ಏಸಿ ಇದ್ರೆ ಪೂರ್ತಿ ಅಂಕ ಕೊಡಬಹುದು. ಇಲ್ಲ ಅನ್ನೋದಕ್ಕೆ ಇಲ್ಲಿ ಜಾಗ ಇಟ್ಟಿಲ್ಲ. ಖಾಲಿ ಬಿಟ್ರೆ ಸೊನ್ನೆ ಆಗುತ್ತೆ."

ಬಿದಿರಿನ ಮೇಜಿಗೂ ಹಾಗೆಯೇ ಆಯಿತು. ಒಳಗೆ ಗಿಡ? ಹೊರಗೆ ನೆಟ್ಟಿದ್ದೇನೆ ಎಂದೆ. ಅಷ್ಟರಲ್ಲಿ ಐದಾಗಿ ಬಿಸಿಲು ಮೇಜಿಗೆ ಬಂತು, ಅವಳಿಗೆ ನನ್ನ ಮುಖವೇ ಕಾಣದಾಯಿತು. "ಆ ಕಿಂಡಿ ಮುಚ್ಚೋಕಾಗುತ್ತಾ ಅಕ್ಕ? ಬೆಳಕು ಕಣ್ಣಿಗೆ ಹೊಡೆದ್ರೆ ಅದಕ್ಕೂ ಅಂಕ ಹೋಗುತ್ತೆ."

ಮುಚ್ಚುತ್ತೇನೆ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಒಂದು ಬಟ್ಟೆ ತೂಗುಹಾಕಿದರೆ ಸಾಕಿತ್ತು, ಮಾತು ಮುಗಿದ ಮೇಲೆ ತೆಗೆಯಬಹುದಿತ್ತು.

"ಆಗಲ್ಲ" ಎಂದೆ.

ಅತ್ತೆ ಬಾಗಿಲಿಂದ ತಲೆ ಹಾಕಿ, "ಯಾರೇ ಅದು? ಊಟ ಆಯ್ತಾ ಕೇಳು" ಎಂದರು. ಪಿಮ್ ಕೈಮುಗಿದು ಆಯ್ತು ಎಂದಳು. ಆಗಿರಲಿಕ್ಕಿಲ್ಲ.

ಜೂನ್ ೨೪

ಅಂಕ ಸಾಲಲಿಲ್ಲ. ಜುಲೈ ಒಂದರಿಂದ ಆಫೀಸು. ಭೂಮಿಗೆ ಭಾರ ಕಡಿಮೆ ಮಾಡಲೆಂದು ನಾನು ದಿನಾ ಡೀಸೆಲ್ ದೋಣಿ ಹತ್ತಿ, ಮೂವತ್ತನೆಯ ಮಹಡಿಯಲ್ಲಿ ಕಿಟಕಿ ತೆರೆಯಲಾಗದ ಕೋಣೆಯಲ್ಲಿ ಕೂರಬೇಕು. ಎಷ್ಟು ಸಲ ಯೋಚಿಸಿದರೂ ಈ ಲೆಕ್ಕ ನನ್ನ ತಲೆಗೆ ಹತ್ತುತ್ತಿಲ್ಲ. ಆ ಒಂದು ಕಿಂಡಿಗೆ ಬಟ್ಟೆ ಹಾಕಲು ಏಕೆ ಒಪ್ಪಲಿಲ್ಲ ಎಂಬುದೂ ಹತ್ತುತ್ತಿಲ್ಲ.

ಭಾವನಿಗೆ ಹೇಗೋ ಸುದ್ದಿ ಮುಟ್ಟಿತು. ಫೋನ್ ಬಂದಾಗ ಅತ್ತೆಯೇ ಎತ್ತಿದರು. ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳಿಸಿಕೊಂಡೆ.

"ಯಾಕಪ್ಪ ಬರ್ಲಿ? ... ಒಬ್ಬಳೇ ಎಲ್ಲಿ, ಪ್ಲಾ ಇದಾಳಲ್ಲ. ... ಹೂಂ, ಹೋಗ್ತಾಳೆ, ಬರ್ತಾಳೆ. ದೋಣಿ ಇರೋದು ಯಾತಕ್ಕೆ?"

ಪೇಟೆಯಲ್ಲಿ ರೂಮು ನೋಡಬೇಕೆಂದು ಗುರುತು ಹಾಕಿಕೊಂಡಿದ್ದ ವಿಳಾಸಗಳಿವೆ. ನೋಡಲು ಹೋಗಬೇಕೆಂದು ನೆನಪಾಗಿದ್ದೇ ಈಗ, ಬರೆಯುವಾಗ. ದಿನಾ ಓಡಾಡುವುದು ಅಸಾಧ್ಯ ಎಂದು ಮಾರ್ಚಿನಲ್ಲಿ ಬರೆದಿದ್ದೇನೆ. ಆಗ ಯಾವ ಲೆಕ್ಕ ಹಾಕಿದ್ದೆನೋ. ಮೊದಲ ದೋಣಿ ಹಿಡಿದರೆ ಆಗುತ್ತದೆ.

ಜುಲೈ ೧

ದೋಣಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

ಬೆಳಿಗ್ಗೆ ಆಫೀಸಿನ ಬಟ್ಟೆ ಹಾಕಿಕೊಂಡು ಗುಡಿಯ ಹತ್ತಿರ ಹೋದೆ. ನಾನಾಗಿ ಕೈಮುಗಿಯಲು ಹೋದದ್ದು ಇದೇ ಮೊದಲು. ಹೇಗೆ ಶುರು ಮಾಡುವುದೋ ತಿಳಿಯದೆ ಊದುಬತ್ತಿ ಹಚ್ಚಿ, ಇಂದಿನಿಂದ ನಾನು ಹಗಲು ಹೊತ್ತು ಇಲ್ಲಿ ಇರುವುದಿಲ್ಲ, ಕೆಲಸ ಪೇಟೆಗೆ ಹೋಗಿದೆ, ಎಂದು ಹೇಳತೊಡಗಿದೆ. ಹಿಂದಿನಿಂದ ಅತ್ತೆ ಬಂದರು, ಕೈಯಲ್ಲಿ ನನ್ನ ಊಟದ ಡಬ್ಬಿ.

"ಏನ್ ಮಾಡ್ತಿದೀಯ?"

"ಹೋಗ್ತೀನಿ ಅಂತ ಹೇಳ್ತಿದೀನಿ."

"ಥೂ ಹುಚ್ಚಿ! ಬಿಟ್ಟು ಹೋಗೋರು ಹೇಳೋದು ಕಣೆ ಅದನ್ನ." ಊದುಬತ್ತಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಆರಿಸಲಿಲ್ಲ, ಹಚ್ಚಿದ್ದನ್ನು ಆರಿಸಬಾರದು. ಗುಡಿಯ ಕಡೆ ತಿರುಗಿ ಕೈಮುಗಿದು, "ಇವಳ ಮಾತು ಹಿಡ್ಕೋಬೇಡಿ. ಇದು ಪ್ರಯೂನನ ಕೆಮ್ಮಿಗೆ ಅಂತ ಇಟ್ಕೊಳ್ಳಿ" ಎಂದು ನೆಟ್ಟರು. ಆಮೇಲೆ ಡಬ್ಬಿ ನನ್ನ ಕೈಗೆ ಕೊಟ್ಟು ಹೆಗಲು ಹಿಡಿದು ಗೇಟಿನ ಕಡೆ ತಿರುಗಿಸಿದರು.

"ಹೋಗು, ದೋಣಿ ತಪ್ಪುತ್ತೆ. ಬರ್ತಾ ಅವರಿಗೆ ಕೆಂಪು ಸೋಡಾ ತಗೊಂಡು ಬಾ, ಮುಗಿದಿದೆ."